ಇಂದುಶೇಖರಪ್ಪನವರ ಮೆಸ್ಸಿಗೆ ಹಿಡಿದ ರೋಗ

ಹಾಲಿನವನು ಹಾಲಿಗೆ ನೀರು ಬೆರೆಸಿದರೆ ಎಲ್ಲರಿಗೂ ಅನುಮಾನ ಬರುತ್ತದೆ. ಇಂದುಶೇಖರಪ್ಪನವರಿಗೆ ಬೆರೆಸದ ದಿನವೂ ಬರುತ್ತಿತ್ತು. ಇವತ್ತು ಯಾಕೆ ಬೆರೆಸಲಿಲ್ಲ, ಏನೋ ಮಸಲತ್ತು ಇರಬೇಕು ಎಂದು ಹಾಲು ಕಾಯುವವರೆಗೂ ಯೋಚಿಸುತ್ತಿದ್ದರು.

ಅವರನ್ನು ದೂರಿ ಫಲವಿಲ್ಲ. ದೆಹಲಿಯ ಕೇಂದ್ರ ಸರ್ಕಾರದ ಕಚೇರಿಯೊಂದರ ಆಡಿಟ್ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದವರು. ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿ ಆಕ್ಷೇಪಣೆ ಬರೆಯುವುದೇ ಕೆಲಸ. ನಿವೃತ್ತರಾದ ಮೇಲೆ ಓಲ್ಡ್ ರಾಜಿಂದರ್ ನಗರದ ಮನೆಯ ಮುಂಗೋಣೆಯಲ್ಲಿ, ಐಎಎಸ್ ಓದಲು ಕರ್ನಾಟಕದಿಂದ ಬಂದ ಹುಡುಗರಿಗಾಗಿ ಮೆಸ್ ತೆರೆದರು. ಹೆಂಡತಿ ಲೀಲಮ್ಮನ ಸಾರು, ಧಾರವಾಡದ ಕಡೆಯ ಅಡುಗೆಯವ ಮಹಂತೇಶನ ಜೋಳದ ರೊಟ್ಟಿ. ಯಜಮಾನರ ಪಾಲಿಗೆ ಬಾಗಿಲ ಬಳಿ ಒಂದು ಕಬ್ಬಿಣದ ಕುರ್ಚಿ. ಅಲ್ಲಿ ಕೂತರೆ ಎಲ್ಲರ ತಟ್ಟೆಯೂ ಕಾಣುತ್ತಿತ್ತು.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಹುಡುಗರು ಒಬ್ಬೊಬ್ಬರಾಗಿ ಕರಗಿದರು. ಹಿಂದಿನ ಗಲ್ಲಿಯ ಆಂಧ್ರ ಮೆಸ್ಸಿನ ಮುಂದೆ ಅವರೇ ಸಾಲಾಗಿ ನಿಂತದ್ದನ್ನು ಇಂದುಶೇಖರಪ್ಪ ಕಣ್ಣಾರೆ ಕಂಡರು. ಸಾಲಿನ ಪಕ್ಕದಲ್ಲಿ ಹುಡುಗರ ಕಿವಿಯಲ್ಲಿ ಏನೋ ಪಿಸುಗುಡುತ್ತ ನಿಂತವನು ಮಹಂತೇಶ.

"ನೋಡಿದೆಯಾ, ಇವನೇ ಹುಡುಗರನ್ನ ಅಲ್ಲಿಗೆ ಸಾಗಿಸ್ತಿರೋದು. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ," ಎಂದು ಹೆಂಡತಿಯ ಮುಂದೆ ಹಲ್ಲು ಕಡಿದರು.

"ಅವನನ್ನೇ ಕೇಳಿಬಿಡಿ," ಎಂದಳು ಲೀಲಮ್ಮ.

ಕೇಳಿದರೆ ಕಳ್ಳ ಹುಷಾರಾಗುತ್ತಾನಲ್ಲ. ಅವರು ಕೇಳಲಿಲ್ಲ.

ಆ ಭಾನುವಾರ ಹರೀಶ ಬಂದ. ಒಂದು ಕಾಲಕ್ಕೆ ಇದೇ ಮೆಸ್ಸಿನಲ್ಲಿ ಉಂಡು, ಪರೀಕ್ಷೆಗೆ ಕೈ ಮುಗಿದು, ಈಗ ಗುರಗಾಂವಿನ ಕಂಪನಿ ಸೇರಿದ್ದವನು. ಖಾಲಿ ಬೆಂಚು ನೋಡಿ ಮರುಗಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದ.

"ಅಂಕಲ್, ಇದು ನಮ್ಮ ಕಂಪನಿ ಮಾಡಿರೋ ಪ್ರೋಗ್ರಾಂ. ಪ್ರಶ್ನೆ ಕೇಳುತ್ತೆ, ನೀವು ಉತ್ತರ ಹೇಳ್ತಾ ಹೋದ್ರೆ ಸಾಕು. ವ್ಯಾಪಾರಕ್ಕೆ ಏನು ರೋಗ ಅಂತ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತೆ."

"ನಾನು ಹೇಳಿದ ಉತ್ತರ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಅಂಕಲ್, ಇದರಲ್ಲೇ ಇರುತ್ತೆ."

"ಅಚ್ಛಾ. ಇದು ಎಲ್ಲಿಗೆ ಹೋಗುತ್ತೆ?"

ಹರೀಶ ನಕ್ಕ. ಇಂದುಶೇಖರಪ್ಪ ನಗಲಿಲ್ಲ. ಪ್ರಶ್ನೆ ಕೇಳುವವರು ಯಾರೇ ಇರಲಿ, ಅವರಿಗೆ ಅದು ತಪಾಸಣೆಯೇ. ತಪಾಸಣೆಗೆ ಹೇಗೆ ಉತ್ತರಿಸಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಗಿರಾಕಿಗಳ ದೂರು? ನಿಲ್. ರುಚಿ? ತೃಪ್ತಿಕರ. ಸ್ವಚ್ಛತೆ? ತೃಪ್ತಿಕರ. ಗಿರಾಕಿಗಳೊಂದಿಗೆ ಮಾಲೀಕರ ನಡವಳಿಕೆ? ಸೌಹಾರ್ದಯುತ. ಹರೀಶ ತುಟಿ ಕಚ್ಚಿಕೊಂಡು ಗುಂಡಿ ಒತ್ತುತ್ತ ಹೋದ. ಕೆಲಸದವರನ್ನು ನಂಬಬಹುದೇ ಎಂಬ ಪ್ರಶ್ನೆ ಬಂದಾಗ ಮಾತ್ರ ಇಂದುಶೇಖರಪ್ಪ ಅಡುಗೆಮನೆಯತ್ತ ನೋಡಿ, ದನಿ ತಗ್ಗಿಸಿ, "ಸಾಧ್ಯವಿಲ್ಲ" ಎಂದರು.

ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಎಲ್ಲವೂ ಸರಿಯಿದೆ, ತೊಂದರೆ ಇರುವುದು ಸಿಬ್ಬಂದಿಯಲ್ಲಿ.

ಅಲ್ಲಿಯವರೆಗೆ ನಂಬದ ಯಂತ್ರವನ್ನು ಅವರು ಆ ಕ್ಷಣವೇ ನಂಬಿದರು. "ಯಂತ್ರಕ್ಕೆ ಯಾರ ಮುಲಾಜೂ ಇಲ್ಲ. ಈ ತಿಂಗಳ ಕೊನೆಗೆ ಅವನು ಹೊರಗೆ," ಎಂದರು. ಮಹಂತೇಶನಿಗೆ ದೆಹಲಿಯಲ್ಲಿ ಆ ಅಡುಗೆಮನೆ ಬಿಟ್ಟರೆ ಮಲಗಲೂ ಬೇರೆ ಜಾಗವಿರಲಿಲ್ಲ.

ಲೀಲಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಹರೀಶನ ಪಕ್ಕ ಕೂತಳು. "ಇನ್ನೊಂದು ಸಲ ಮೊದಲಿಂದ ಕೇಳು ಮಗಾ. ಈ ಸಲ ನಾನು ಹೇಳ್ತೀನಿ."

ಗಿರಾಕಿಗಳ ದೂರು? ಇದೆ, ಯಜಮಾನರಿಗೆ ಹೇಳೋಕೆ ಹೆದರ್ತಾರೆ. ಗಿರಾಕಿಗಳು ಇನ್ನಷ್ಟು ಕೇಳಿ ಹಾಕಿಸಿಕೊಳ್ಳುತ್ತಾರೆಯೇ? ಮೊದಲು ಕೇಳ್ತಿದ್ರು, ಈಗ ಇವರ ಮುಖ ನೋಡಿ ಅರ್ಧ ಹೊಟ್ಟೇಲಿ ಏಳ್ತಾರೆ. ಕೆಲಸದವರನ್ನು ನಂಬಬಹುದೇ? ನನ್ನ ತಮ್ಮನಷ್ಟು.

ಮತ್ತೆ ಕೆಂಪು ಅಕ್ಷರ. ತೊಂದರೆ ಇರುವುದು ಮಾಲೀಕರಲ್ಲಿ.

"ಇದೆಂಥ ಯಂತ್ರ, ಹೇಳಿಕೊಟ್ಟದ್ದನ್ನೇ ಹೇಳುತ್ತೆ," ಎಂದು ಇಂದುಶೇಖರಪ್ಪ ಸಿಡುಕಿದರು.

"ಹೌದಲ್ಲ. ನೀವು ಹೇಳಿಕೊಟ್ಟಾಗ್ಲೂ ಹಾಗೇ ಹೇಳ್ತು," ಎಂದಳು ಲೀಲಮ್ಮ. "ನಾಳೆ ಒಂದು ದಿನ ಕುರ್ಚಿ ತೆಗೆದು ಒಳಗೆ ಕೂತು ನೋಡಿ."

ಅವರು ಒಪ್ಪಿದ್ದು ಹೆಂಡತಿಯ ಮಾತಿಗಲ್ಲ. ಒಳಕೋಣೆಯ ಬಾಗಿಲ ಪರದೆಯ ಹಿಂದೆ ಕೂತರೆ ಮಹಂತೇಶನನ್ನು ಮಾಲು ಸಮೇತ ಹಿಡಿಯಬಹುದು ಎಂಬ ಲೆಕ್ಕಾಚಾರಕ್ಕೆ.

ಮರುದಿನ ಮಧ್ಯಾಹ್ನ ಒಬ್ಬ ಹುಡುಗ ಬಾಗಿಲಲ್ಲಿ ಇಣುಕಿದ. ಕುರ್ಚಿಯ ಜಾಗ ಖಾಲಿಯಿದ್ದುದನ್ನು ನೋಡಿ ಬಂದ ದಾರಿಯಲ್ಲೇ ಓಡಿದ. ಇದೂ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಅವನ ಹಿಂದೆ ಐದಾರು ಜನ ಚಪ್ಪಲಿ ಬಿಡುವ ಸದ್ದಾಯಿತು. ಬೆಂಚು ಎಳೆದರು, ನಕ್ಕರು, ಯಾರೋ ಚಟ್ನಿಪುಡಿ ಕೇಳಿದರು.

"ಅಂಕಲ್ ಇಲ್ವಾ ಮಹಂತೇಶಣ್ಣ? ಊರಿಗೆ ಹೋದ್ರಾ?"

ಆ ಪ್ರಶ್ನೆಯಲ್ಲಿದ್ದ ಆಸೆ ಇಂದುಶೇಖರಪ್ಪನವರ ಎದೆಗೆ ನಾಟಿತು. ಅವಮಾನವಾಯಿತು. ಆದರೂ ಕಿವಿ ನಿಮಿರಿಸಿದರು. ಕಳ್ಳ ಬಾಯಿ ಬಿಡುವ ಹೊತ್ತು ಇದೇ.

"ಇಲ್ರೀ, ಅವರಿಗೆ ಆರಾಮಿಲ್ಲ. ಜ್ವರ ಬಂದು ಒಳಗ ಮಲಗ್ಯಾರ," ಎಂದ ಮಹಂತೇಶ. "ನೀವು ಬರವಲ್ರಿ ಅಂತ ಕೊರಗಿ ಹಿಂಗಾಗ್ಯಾರ. ಆ ಮೆಸ್ಸಿನ ಮುಂದ ಬಂದು ಎಷ್ಟು ಸಲ ಕರದೆ ನಿಮ್ಮನ್ನ? ಇವತ್ತರ ಬಂದೀರಿ. ಹೊಟ್ಟಿ ತುಂಬ ಉಣ್ರಿ, ಆದ್ರ ಸಣ್ಣ ದನೀಲೆ ಮಾತಾಡ್ರಿ. ಅವರಿಗೆ ನಿದ್ದಿ ಹತ್ತೇತಿ."

ಹುಡುಗರ ದನಿ ಒಮ್ಮೆಗೇ ತಗ್ಗಿತು. ಒಬ್ಬ, "ಡಾಕ್ಟರ್‌ಗೆ ತೋರಿಸಿದ್ರಾ?" ಎಂದು ಕೇಳಿದ.

ಜ್ವರ ಶುದ್ಧ ಸುಳ್ಳು. ಅಂಥ ಸುಳ್ಳುಗಳನ್ನು ಜೀವಮಾನವಿಡೀ ಹಿಡಿದ ಇಂದುಶೇಖರಪ್ಪ ಪರದೆಯ ಹಿಂದಿನಿಂದ ಎದ್ದರು. ಸದ್ದಾಗದಂತೆ ಮಂಚಕ್ಕೆ ಹೋಗಿ, ಕಂಬಳಿ ಎಳೆದುಕೊಂಡು, ಹುಡುಗರು ಉಂಡು ಏಳುವವರೆಗೂ ಜ್ವರ ಬಂದವರ ಹಾಗೆ ಮಲಗಿಯೇ ಇದ್ದರು.