ಏಳು ಸಲ ತೊಳೆದ ಸೀಸೆ

ರಾಸಾಯನಿಕ ಇಂಜಿನಿಯರಿಂಗ್ ವಿಭಾಗದ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುತ್ತಿದ್ದವಳಿಗೆ ವಿದ್ಯಾರ್ಥಿಗಳು ಸೀಸೆಯಮ್ಮ ಎಂದೇ ಹೆಸರಿಟ್ಟಿದ್ದರು. ಪ್ರೊಫೆಸರು ಅಲ್ಲಿಗೆ ಬಂದ ಮೊದಲ ವಾರವೇ ತೊಟ್ಟಿಯ ಪಕ್ಕ ನಿಂತು, ಅಂಗಿಯ ತೋಳು ಮಡಚಿ, ತಾವೇ ಒಂದು ಸೀಸೆ ತೊಳೆದು ತೋರಿಸಿದ್ದರು. ಮೊದಲು ಆಸಿಡ್, ಆಮೇಲೆ ಸೋಪು, ಆಮೇಲೆ ಏಳು ನೀರು. ಕೊನೆಯದು ಬಟ್ಟಿ ಇಳಿಸಿದ್ದು. ನೀರು ಒಳಗೆ ಹನಿಹನಿಯಾಗಿ ನಿಲ್ಲದೆ ಪರದೆಯಂತೆ ಇಳಿದರೆ ಸೀಸೆ ಶುದ್ಧವಾಯಿತು ಎಂದು ಲೆಕ್ಕ. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು.

“ಇಷ್ಟೊಂದು ತಿಕ್ಕಿ ಇದರೊಳಗೆ ಏನು ಹಾಕ್ತೀರಿ ಸಾರ್?” ಎಂದು ಕೇಳಿದಳು.

“ಚಿನ್ನ. ಒಂದು ಕೂದಲಿನ ದಪ್ಪದಲ್ಲಿ ಸಾವಿರ ಚೂರು ಸಾಲಾಗಿ ನಿಲ್ತವೆ, ಅಷ್ಟು ಸಣ್ಣದು.” ಅವರು ಎತ್ತಿ ಹಿಡಿದ ಸೀಸೆಯಲ್ಲಿ ಕೆಂಪು ನೀರಿತ್ತು.

“ಕೆಂಪು ಚಿನ್ನವೇ? ಯಾವ ಅಕ್ಕಸಾಲಿಗ ನಿಮಗೆ ಟೋಪಿ ಹಾಕಿದ?”

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅವರಿಗೆ ಬೇಕಾಗಿದ್ದದ್ದು ಮುಮ್ಮೂಲೆಯ ಚೂರುಗಳು. ದುಂಡಗಿನವು ನೀರನ್ನು ಕೆಂಪು ಮಾಡಿದರೆ ಇವು ನೀಲಿ ಮಾಡುತ್ತವೆ. ಮೇಲೆ ಬೆಳಕು ಹಾಯಿಸಿದರೆ ಬಿಸಿಯಾಗುತ್ತವೆ. ಮೈಯೊಳಗಿನ ಗಡ್ಡೆಯನ್ನು ಅವುಗಳಿಂದ ಸುಡಬಹುದೆಂಬುದು ಅವರ ಆಸೆ. ಅವರ ಅಕ್ಕ ಗಡ್ಡೆಯಿಂದಲೇ ಹೋಗಿದ್ದರು.

ಸಣ್ಣ ಕುತ್ತಿಗೆಯ ಸೀಸೆಗಳ ತಳಕ್ಕೆ ಬ್ರಷ್ ಮುಟ್ಟುತ್ತಿರಲಿಲ್ಲ. ಅಲ್ಲಿ ಉಳಿದ ಕಲೆ ಸೀಸೆಯಮ್ಮನಿಗೆ ಕಣ್ಣಿಗೆ ಕಸ ಬಿದ್ದಂತೆ. ಮನೆಯಿಂದ ಪುಡಿ ಉಪ್ಪಿನ ಪೊಟ್ಟಣ ತಂದು, ಒಂದು ಹಿಡಿ ಹಾಕಿ ಗಲಗಲ ಆಡಿಸಿದಳು. ಕಲೆ ಹೋಯಿತು. ಆಮೇಲೆ ಏಳು ನೀರೂ ತಪ್ಪಿಸಲಿಲ್ಲ. ಹಾಳೆಯಲ್ಲಿ ಉಪ್ಪಿನ ಮಾತಿರಲಿಲ್ಲವಾದ್ದರಿಂದ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಆ ತಿಂಗಳೇ ನೀಲಿ ಬಂತು. ಹನ್ನೊಂದು ವರ್ಷ ಬರುತ್ತಲೇ ಇತ್ತು. ಪ್ರೊಫೆಸರ ಹೆಸರು ಎಲ್ಲೆಲ್ಲೋ ಅಚ್ಚಾಯಿತು. ಆದರೆ ಬೇರೆ ಊರಿನವರು ಮಾಡಿದರೆ ಕೆಂಪೇ. ಮೊದಮೊದಲು ಇವರ ಕೈಗುಣ ಎಂದು ಹೊಗಳಿದವರೇ ಬರಬರುತ್ತ ಕೈಚಳಕ ಎಂದು ಪಿಸುಗುಟ್ಟತೊಡಗಿದರು.

ಅದೇ ಹೊತ್ತಿಗೆ ಸೀಸೆಯಮ್ಮನ ಗಂಡ ಹಾಸಿಗೆ ಹಿಡಿದ. ಮೂರು ತಿಂಗಳು ಅವಳು ಕೆಲಸಕ್ಕೆ ಹೋಗಲಿಲ್ಲ. ಅವನನ್ನು ಕಳಿಸಿಕೊಟ್ಟು ಹದಿನಾರನೇ ದಿನ ಬಂದಾಗ ಪ್ರಯೋಗಶಾಲೆಯಲ್ಲಿ ವಿಚಾರಣೆಗೆಂದು ಬಂದ ಮೂವರು ಕೂತಿದ್ದರು, ಜೊತೆಗೆ ವಿಭಾಗದ ಮುಖ್ಯಸ್ಥರು. ಅವರ ಕಣ್ಣೆದುರೇ ಐದು ಸಲ ಮಾಡಿ ತೋರಿಸಿದ್ದರೂ ಐದೂ ಸಲ ಕೆಂಪೇ ಬಂದಿತ್ತು.

“ಅಮ್ಮ,” ಎಂದರು ಪ್ರೊಫೆಸರು, “ನೀವು ತೊಳೀವಾಗ ಹಾಳೇಲಿ ಇಲ್ಲದ್ದು ಏನಾದ್ರೂ ಮಾಡ್ತಿದ್ರಾ?”

ಮುಖ್ಯಸ್ಥರು ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಗಂಡ ಹೋಗಿದ್ದ, ಉಳಿದದ್ದು ಈ ಕೆಲಸ ಒಂದೇ.

“ಹಾಳೇಲಿರೋ ಹಾಗೇ ಸಾರ್.”

ಪ್ರೊಫೆಸರು ಮೂವರ ಕಡೆ ತಿರುಗಿದರು. “ಹಾಗಾದ್ರೆ ತೊಳೆಯೋದರಲ್ಲಿ ಹುಡುಕೋದು ಬೇಡ. ಈ ಕಟ್ಟಡದಲ್ಲಿ ಇವರಷ್ಟು ನಿಖರವಾದ ಕೈ ಇನ್ನೊಂದಿಲ್ಲ.”

ಅವತ್ತೇ ಅವಳು ಉಪ್ಪನ್ನೆಲ್ಲ ಮೋರಿಗೆ ಸುರಿದಳು. ನೀಲಿ ಮತ್ತೆ ಬರಲಿಲ್ಲ.

“ಸ್ವಲ್ಪ ಕಾಯೋಣ ಸಾರ್,” ಎಂದು ಅವರ ವಿದ್ಯಾರ್ಥಿನಿ ಬೇಡಿಕೊಂಡಳು. “ನನ್ನ ಕೈಲೇ ಆಗದ್ದನ್ನ ಆಗುತ್ತೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?” ಎಂದು ಅವರು ಅಚ್ಚಾಗಿದ್ದ ಹನ್ನೊಂದು ವರ್ಷದ ಬರಹಗಳನ್ನು ತಾವೇ ವಾಪಸು ಪಡೆದರು. ನಿವೃತ್ತಿಯವರೆಗೂ ಮೇಲಿನ ಮಹಡಿಯ ಮೂಲೆಯ ಕೋಣೆಯಲ್ಲಿ ಒಬ್ಬರೇ ಕೂತರು. ದಾರಿಯಲ್ಲಿ ಎದುರಾದವರು ಗೋಡೆ ನೋಡುತ್ತ ಸಾಗುತ್ತಿದ್ದರು.

ನಾಲ್ಕು ವರ್ಷ ಕಳೆಯಿತು. ಆ ವಿದ್ಯಾರ್ಥಿನಿ ಅಲ್ಲೇ ಮೇಡಂ ಆಗಿದ್ದಳು. ಒಂದು ಮಧ್ಯಾಹ್ನ ತೊಟ್ಟಿಯ ಬಳಿ ನಿಂತು, “ವಿಚಿತ್ರ ನೋಡಿ ಅಮ್ಮ. ನೀವು ರಜ ಹೋಗೋವರೆಗೂ ನೀಲಿ ಬರ್ತಿತ್ತು,” ಎಂದಳು.

ಸೀಸೆಯಮ್ಮನ ಕೈ ನಿಂತಿತು. ಅದೇ ಆಸಿಡ್, ಅದೇ ಸೋಪು, ಅದೇ ಏಳು ನೀರು. ಬಿಟ್ಟದ್ದು ಒಂದೇ.

ಮರುದಿನ ಬೆಳಿಗ್ಗೆ ಉಪ್ಪಿನ ಪೊಟ್ಟಣ ಹಿಡಿದು ಪ್ರೊಫೆಸರ ಮನೆಗೆ ಹೋದಳು. ಅವರು ಕಿಟಕಿಯ ಬಳಿ ಮಂಚದ ಮೇಲೆ ಒರಗಿದ್ದರು; ಗಡ್ಡೆ ಅವರ ಹೊಟ್ಟೆಯಲ್ಲೂ ಮನೆ ಮಾಡಿತ್ತು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಪೊಟ್ಟಣ ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಿದರು.

“ಅಯೋಡಿನ್,” ಎಂದರು. “ಉಪ್ಪಲ್ಲಿ ಸೇರಿಸಿರ್ತಾರೆ. ಏಳು ನೀರಾದ್ರೂ ಗಾಜಿಗೆ ಒಂದಿಷ್ಟು ಅಂಟಿಕೊಂಡಿತ್ತು. ಮೂಲೆ ಮೂಡಿಸಿದ್ದು ಅದೇ.”

“ಅವತ್ತೇ ಹೇಳ್ಬೇಕಿತ್ತು ಸಾರ್. ಹೊಟ್ಟೆಪಾಡಿನ ಭಯ.”

“ನಾನೂ ನಾಲ್ಕು ಜನರ ಮುಂದೆ ಕೇಳಬಾರದಿತ್ತು.” ಅವರು ನಗಲು ನೋಡಿದರು, ಕೆಮ್ಮು ಬಂತು. “ಎಷ್ಟು ಉಪ್ಪು?”

“ನನ್ನ ಹಿಡೀಲಿ ಒಂದು ಹಿಡಿ.”

“ಎಷ್ಟು ಹೊತ್ತು ಆಡಿಸ್ತಿದ್ರಿ?”

“ನೂರು ಎಣಿಸೋವರೆಗೆ.”

ಅವರು ಹಾಳೆ ತೆಗೆದು ಬರೆಯಹೋದರು, ಬೆರಳಿಗೆ ಪೆನ್ನು ನಿಲ್ಲಲಿಲ್ಲ. ಪೆನ್ನನ್ನು ಅವಳಿಗೇ ಕೊಟ್ಟರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ಒಂದು ಹಿಡಿ ಉಪ್ಪು. ನೂರು. ಏಳು ನೀರು. ಅವರು ಕೆಳಗೆ ಹೇಗೋ ಸಹಿ ಎಳೆದರು.

ಮೇಡಂ ಕೈಯಲ್ಲಿ ನೀಲಿ ಬಂದದ್ದು ಒಂಬತ್ತನೇ ದಿನ. ಪ್ರೊಫೆಸರು ತೀರಿಕೊಂಡದ್ದು ಏಳನೇ ದಿನ.

ಅದರ ಬರಹ ಅಚ್ಚಾಗಿ ಬಂದಾಗ ಮೇಡಂ ತೊಟ್ಟಿಯ ಬಳಿಗೇ ತಂದು ತೋರಿಸಿದಳು. ಸೀಸೆಯಮ್ಮ ಕೈ ಒರೆಸಿಕೊಂಡಳು.

“ಸಾರ್ ಹೆಸರು ಎಲ್ಲಿದೆ?”

“ಮೊದಲನೇದೇ ಅವರದ್ದು.”

“ಪಕ್ಕದಲ್ಲಿ ಇದೇನು, ಸಣ್ಣ ಗುರುತು?”

“ಈಗಿಲ್ಲ ಅಂತ ಅರ್ಥ ಅಮ್ಮ. ಅಚ್ಚಾಗೋ ಮುಂಚೆ ಹೋದವರಿಗೆ ಹಾಕ್ತಾರೆ.”

ಅವಳು ಆ ಗುರುತಿನ ಮೇಲೆ ಬೆರಳಿಟ್ಟಳು. ಆಮೇಲೆ ತೊಟ್ಟಿಗೆ ತಿರುಗಿ, ಮುಂದಿನ ಸೀಸೆ ಎತ್ತಿಕೊಂಡು, ಒಂದು ಹಿಡಿ ಉಪ್ಪು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಎಣಿಸತೊಡಗಿದಳು.