ಮನೆಯ ಮಚ್ಚೆ

ಕಾರವಾರದ ಆ ಮನೆ ದಲಾಲಿ, ಯಾವ ದೋಷ ತೋರಿಸಿದರೂ ಸೊಂಟದ ಮೊಬೈಲ್ ಚೀಲ ತಟ್ಟುತ್ತ ಒಂದೇ ಮಾತು ಹೇಳುತ್ತಿದ್ದ: "ಅದು ಮನೆಯ ಮಚ್ಚೆ, ಮಾರಾಯ್ರೆ!"

ಕಿರುಗುಟ್ಟುವ ಬಾಗಿಲಿಗೆ, ಗಾರೆಯ ಕೂದಲೆಳೆ ಬಿರುಕಿಗೆ ನಾನೂ ತಲೆ ಕೆಡಿಸಿಕೊಳ್ಳುವವನಲ್ಲ. ಅವು ಬೆಲೆ ಇಳಿಸಲಿಕ್ಕೆ ಒಳ್ಳೆಯವು. ಆದರೆ ಮನೆ ಕೊಳ್ಳುವವರು ತಲೆಯೆತ್ತಿ ಸ್ಲ್ಯಾಬು ನೋಡಲೇಬೇಕು. ಸದಾಶಿವಗಡದಲ್ಲಿ ಅವನು ನನ್ನ ತಂಗಿಗೆ ತೋರಿಸಿದ ಮನೆಯಲ್ಲಿ, ಅವಳು ತೊಟ್ಟಿಲು ಕಟ್ಟಬೇಕೆಂದಿದ್ದ ಜಾಗದ ಮೇಲೆಯೇ, ಸ್ಲ್ಯಾಬಿನೊಳಗಿನ ಸರಳಿನುದ್ದಕ್ಕೂ ಕಂದು ಕಲೆ ಎದ್ದಿತ್ತು.

"ಇದೂ ಮಚ್ಚೆಯೇ ಬಾಯೋರೆ. ಪೇಂಟ್ ಹೊಡೆದ್ರೆ ಎಂತದೂ ಕಾಣೂದಿಲ್ಲ," ಎಂದ ತಂಗಿಗೆ.

ನನಗೆ ಮೈ ಉರಿಯಿತು. ಸ್ಟೂಲು ಹತ್ತಿ, ಉದುರುತ್ತಿದ್ದ ಗಾರೆ ಕಿತ್ತು ನಾಲಗೆಗಿಟ್ಟೆ. ಬರೀ ಉಪ್ಪು! ಹೊಳೆ ಕಡಲು ಸೇರುವ ಅಳಿವೆಯ ಉಪ್ಪು ಮರಳನ್ನೇ ರೇತಿಯೆಂದು ಹಾಕಿ ಕಟ್ಟಿದ್ದರು. ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು.

"ಇದು ಮಗು ಮೇಲೆ ಬಿದ್ರೆ ಅದೂ ಮಚ್ಚೆಯೇನೋ?" ಎಂದೆ.

"ಮನೆ ನೆಕ್ಕಿ ನೋಡಿ ತಗಳ್ಳೋರ್ನ ಇವತ್ತೇ ಕಂಡದ್ದು ನಾನು," ಎಂದು ನಕ್ಕ. ನಾವು ಆ ಮನೆ ಕೊಳ್ಳುವುದನ್ನು ಬಿಟ್ಟೆವು.

ಕೆಲವು ತಿಂಗಳ ಮೇಲೆ ಅಂಕೋಲೆಯ ಭಾವಿಕೇರಿಯಲ್ಲಿ ಆ ದಲಾಲಿಯ ಸ್ವಂತ ಮನೆ ಏಳುತ್ತಿತ್ತು. ನಾನು ಆ ದಾರಿಯಲ್ಲಿ ಹೋಗುವಾಗ ರೇತಿ ಲಾರಿ ಬಂದು ನಿಂತಿತ್ತು. ಅವನು ಒಂದು ಚಿಟಿಕೆ ತೆಗೆದು ನಾಲಗೆಗಿಟ್ಟು, ಥೂ ಎಂದು ಉಗಿದು, ಡ್ರೈವರನ ಮೇಲೆ ಹರಿಹಾಯ್ದ:

"ಉಪ್ಪು ರೇತಿ ತಂದಿದ್ಯಲ್ಲೋ! ಇದರಡಿ ನನ್ನ ಮಕ್ಕಳು ಮಲಗೂದು. ವಾಪಸ್ ಹೊಡಿ!"