ಸಿಂದಗಿ ಗ್ರಂಥಾಲಯದ ಕಂಪ್ಯೂಟರ್ ತೆರೆದ ಪುಟ

ಕೊರೊನಾ ಮುಗಿದು ಕಾಲೇಜುಗಳಲ್ಲಿ ಮತ್ತೆ ಗಂಟೆ ಹೊಡೆಯತೊಡಗಿದ ವರ್ಷ ನಾನು ಇಂಡಿಯಲ್ಲಿದ್ದೆ. ಹುದ್ದೆ ನೆಟ್‌ವರ್ಕ್ ಆಡ್ಮಿನಿಸ್ಟ್ರೇಟರ್. ಹೆಸರು ದೊಡ್ಡದು, ಕೈಕೆಳಗೆ ಒಬ್ಬರೂ ಇರಲಿಲ್ಲ. ನಮ್ಮ ಶಿಕ್ಷಣ ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದೊಂದು ಕಾಲೇಜಿತ್ತು. ನಾಲ್ಕೂ ಕಡೆಯ ಕಂಪ್ಯೂಟರುಗಳು ಇಂಟರ್ನೆಟ್ಟಿಗೆ ಹೋಗುತ್ತಿದ್ದುದು ಇಂಡಿಯ ಮುಖ್ಯ ಕಚೇರಿಯ ಹಿಂಬದಿ ಕೋಣೆಯಲ್ಲಿದ್ದ ಒಂದು ಯಂತ್ರದ ಮೂಲಕ. ಅದೇ ಪ್ರಾಕ್ಸಿ ಸರ್ವರ್. ಅದನ್ನು ಕಾಯುವುದು ನನ್ನ ಕೆಲಸ.

ಪ್ರಾಕ್ಸಿ ಎಂಬ ಮಾತು ಕಾಲೇಜು ಮೆಟ್ಟಿಲು ಹತ್ತಿದ ಯಾರಿಗೂ ಹೊಸದಲ್ಲ. ಬಾರದ ಗೆಳೆಯನ ಬದಲು ‘ಯೆಸ್ ಸರ್’ ಎಂದು ಹಾಜರಿ ಕೂಗುವುದೇ ಪ್ರಾಕ್ಸಿ. ಈ ಯಂತ್ರ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಸಿಂದಗಿಯ ಗುಮಾಸ್ತರು ಒಂದು ಜಾಲತಾಣ ತೆರೆದರೆ ಆ ಕೋರಿಕೆ ಮೊದಲು ಇಂಡಿಗೆ ಬರುತ್ತದೆ. ನಮ್ಮ ಯಂತ್ರ ಅವರ ಪರವಾಗಿ ಹೊರಗೆ ಹೋಗಿ ಪುಟವನ್ನು ತಂದುಕೊಡುತ್ತದೆ. ಹೊರಗಿನವರಿಗೆ ಕಾಣುವುದು ನಮ್ಮ ಯಂತ್ರದ ವಿಳಾಸ ಒಂದೇ, ಅದರ ಹಿಂದೆ ಕುಳಿತವರು ಕಾಣುವುದಿಲ್ಲ.

ಇದರಿಂದ ಉಪಯೋಗ ಬಹಳ. ಬೇಡದ ತಾಣಗಳನ್ನು ಒಂದೇ ಕಡೆ ತಡೆಯಬಹುದು. ಒಮ್ಮೆ ತಂದ ಚಿತ್ರಗಳನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಕೇಳಿದಾಗ ತಟ್ಟನೆ ಕೊಡಬಹುದು. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಅಪಾಯವೂ ಇದೆ. ನಡುವೆ ನಿಂತವನಿಗೆ ಎಲ್ಲರ ಓಡಾಟ ತಿಳಿಯುತ್ತದೆ. ಪ್ರತಿಯೊಬ್ಬರೂ ತಮ್ಮ ಹೆಸರು, ಪಾಸ್‌ವರ್ಡ್ ಹಾಕಿಯೇ ಹೊರಗೆ ಹೋಗಬೇಕು. ಯಾರು, ಯಾವಾಗ, ಯಾವ ತಾಣಕ್ಕೆ ಹೋದರೆಂದು ಯಂತ್ರ ಸಾಲುಸಾಲಾಗಿ ಬರೆದಿಡುತ್ತದೆ. ಅದು ಲಾಗ್. ತಾಣಕ್ಕೆ ಭದ್ರತೆಯ ಬೀಗವಿದ್ದರೆ ಅದರ ಹೆಸರಷ್ಟೇ ಕಾಣುತ್ತದೆ. ಬೀಗವಿಲ್ಲದ ಹಳೆಯ ತಾಣವಾದರೆ ಯಾವ ಪುಟ, ಯಾವ ಚಿತ್ರ ಎಂಬುದೂ ಕಾಣುತ್ತದೆ. ಕೆಲವು ಹುಡುಗರು ನನ್ನ ತಡೆಯನ್ನು ತಪ್ಪಿಸಲು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪ್ರಾಕ್ಸಿ ಹುಡುಕಿಕೊಂಡು ಹೋಗುತ್ತಿದ್ದರು. ಗುರುತಿಲ್ಲದವನ ಕೈಗೆ ಮನೆಯ ಬೀಗದ ಕೈ ಕೊಡಬೇಡಿರಪ್ಪಾ ಎಂದು ಗಂಟಲು ಹರಿದುಕೊಂಡೆ. ಕೇಳಿದವರು ಕಡಿಮೆ.

ನಾನು ಹೊಸದಾಗಿ ಬಂದಾಗ ಸಿಬ್ಬಂದಿ ಸಭೆಯಲ್ಲಿ ಈ ಲಾಗ್ ವಿಷಯವನ್ನೂ ಉತ್ಸಾಹದಿಂದ ವಿವರಿಸಿದ್ದೆ. ಅಂದಿನಿಂದ ಕಚೇರಿಯಲ್ಲಿ ನನ್ನ ಸುತ್ತ ಒಂದು ಬಯಲು ಹುಟ್ಟಿಕೊಂಡಿತು. ಚಹಾದ ಅಂಗಡಿಯಲ್ಲಿ ನಾನು ಹೋಗಿ ನಿಂತರೆ ನಗು ನಿಲ್ಲುತ್ತಿತ್ತು. ‘ಮಕ್ಬೂಲ್ ಸರ್ ಬಂದ್ರು, ಎಲ್ಲಾರೂ ಭಜನಿ ಸುರು ಮಾಡ್ರಿ’ ಎಂದು ಒಬ್ಬರು ಚೇಷ್ಟೆ ಮಾಡುವರು, ಉಳಿದವರು ಬೇಗಬೇಗ ಕಪ್ಪು ಖಾಲಿ ಮಾಡಿ ಹೋಗುವರು. ಮೊದಮೊದಲು ನಾನೂ ನಕ್ಕೆ. ಆಮೇಲೆ ಚಹಾವನ್ನು ಕೋಣೆಗೇ ತರಿಸಿಕೊಳ್ಳತೊಡಗಿದೆ. ನನ್ನ ಊರು ಚಡಚಣ, ಇಂಡಿಯಲ್ಲಿ ಬಾಡಿಗೆಯ ಖೋಲಿ. ಹಗಲೆಲ್ಲ ಆ ಹಿಂಬದಿ ಕೋಣೆಯಲ್ಲಿ ಪಕ್ಕದ ಗೋದಾಮಿನ ಲಿಂಬೆಹಣ್ಣಿನ ವಾಸನೆ, ಯಂತ್ರದ ಫ್ಯಾನುಗಳ ಗುಂಯ್‌ಗುಡುವಿಕೆ, ನಾನು. ಕೆಲವು ದಿನ ಒಬ್ಬರೊಂದಿಗೂ ಮಾತನಾಡದೆ ಮನೆಗೆ ಹೋದದ್ದಿದೆ. ಸುಳ್ಳೇಕೆ, ಅದು ನನಗೆ ಬಹಳ ನೋವು ಕೊಡುತ್ತಿತ್ತು.

ಆ ವರ್ಷ ನನಗೆ ಥ್ಯಾಂಕ್ಸ್ ಹೇಳಿದವರು ಒಬ್ಬರೇ, ಸಿಂದಗಿ ಕಾಲೇಜಿನ ಗ್ರಂಥಾಲಯ ಸಹಾಯಕಿ ರೇಣುಕಾ. ಮೂವತ್ತೈದರ ಆಸುಪಾಸಿನವರು, ಹಂಗಾಮಿ ನೌಕರಿ. ಗಂಡ ಪುಣೆಯ ಕಾರ್ಖಾನೆಯೊಂದರಲ್ಲಿ ಇದ್ದಾರೆಂದು ಎಲ್ಲರೂ ಹೇಳುತ್ತಿದ್ದರು. ಸಿಂದಗಿಯ ಲೈನು ಬಹಳ ನಿಧಾನವೆಂದು ನಾನು ಕ್ಯಾಶಿನ ಜಾಗ ಹೆಚ್ಚಿಸಿದ್ದೆ. ಮುಂದಿನ ಬಾರಿ ಅಲ್ಲಿಗೆ ಹೋದಾಗ ಆಕೆ ಚಹಾ ತರಿಸಿಕೊಟ್ಟು, ನನ್ನ ಎದುರೇ ಕುಳಿತು, “ಈಗ ಫೋಟೋ ಲಗೂನ ಬರ್ತಾವ್ರಿ ಸರ್, ಭಾಳ ಚಲೋ ಆತ್ರಿ” ಎಂದರು. ಎಂಥ ಫೋಟೋ ಎಂದು ನಾನು ಕೇಳಲಿಲ್ಲ. ಕೆಲಸ ಮೆಚ್ಚಿದವರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ ಬಸ್ಸು ಹತ್ತಿದೆ.

ಪ್ರಕರಣ ಶುರುವಾದದ್ದು ಪರೀಕ್ಷೆಯ ಹೊತ್ತಿಗೆ. ಕಾಲೇಜುಗಳ ಬಗ್ಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದಾದ ಒಂದು ಜಾಲತಾಣದಲ್ಲಿ ಹೆಸರಿಲ್ಲದ ಬರಹವೊಂದು ಬಂತು. ಸಿಂದಗಿಯ ಪ್ರಾಚಾರ್ಯರೇ ಪರೀಕ್ಷಾ ಕೋಣೆಯಲ್ಲಿ ಉತ್ತರ ಹೇಳಿಸುತ್ತಾರೆ ಎಂದು ಅದರಲ್ಲಿತ್ತು. ಹಸಿ ಸುಳ್ಳು. ಆದರೆ ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಪಾಲಕರು ಗೇಟಿಗೆ ಬಂದು ನಿಂತರು. ತಾಣದವರು ದೂರಿಗೆ ಉತ್ತರವಾಗಿ ಬರಹ ಬಂದ ವಿಳಾಸವನ್ನು ಕಳಿಸಿದರು. ಅದು ಇಂಡಿಯ ನಮ್ಮ ಪ್ರಾಕ್ಸಿಯದು.

ಸಂಸ್ಥೆಯ ಕಾರ್ಯದರ್ಶಿಗಳು ನನ್ನ ಕೋಣೆಗೆ ತಾವೇ ಬಂದರು. ನಿವೃತ್ತ ಇತಿಹಾಸ ಪ್ರಾಧ್ಯಾಪಕರು, ನ್ಯಾಯವಂತರು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಮೊದಲು ಇಂಡಿಯ ಸಿಬ್ಬಂದಿಯ ಮೇಲೇ ಹಾರಾಡುತ್ತಿದ್ದರು. ಹೊರಗೆ ಕಾಣುವ ವಿಳಾಸ ನಾಲ್ಕೂ ಊರುಗಳದ್ದಾಗಿರಬಹುದು, ಒಳಗಿನ ಸುದ್ದಿ ಲಾಗ್‌ನಲ್ಲಿ ಮಾತ್ರ ಸಿಗುತ್ತದೆ ಎಂದು ತಿಳಿಹೇಳಿದೆ. ಅವರೆದುರೇ ಹುಡುಕಿದೆ. ಬರಹ ಬಂದ ಹೊತ್ತಿಗೆ ಆ ತಾಣಕ್ಕೆ ಹೋದ ಸಾಲು ಒಂದೇ ಇತ್ತು. ಊರು ಸಿಂದಗಿ. ಲಾಗಿನ್ ಹೆಸರು ರೇಣುಕಾ.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ತಾವೇ ಓದಿದರು. “ನೌಕರಿ ಪರ್ಮನೆಂಟ್ ಮಾಡ್ಲಿಲ್ಲಂತ ಪ್ರಾಚಾರ್ಯರ ಮ್ಯಾಲ ಸಿಟ್ಟು ತೀರಿಸ್ಕೊಂಡಾಳ. ಈ ವಾರದಾಗ ತಗದ ಹಾಕ್ತೇನಿ” ಎಂದರು.

ನನಗೆ ಎಲ್ಲೋ ಒಂದು ಅನುಮಾನ ಉಳಿಯಿತು. ಅವರು ಹೋದ ಮೇಲೆ ಅದೇ ಹೊತ್ತಿನ ಉಳಿದ ಸಾಲುಗಳನ್ನೂ ಅವುಗಳಲ್ಲಿದ್ದ ಕಂಪ್ಯೂಟರಿನ ನಂಬರುಗಳನ್ನೂ ನೋಡಿದೆ. ಸಿಂದಗಿ ಕಚೇರಿಯ ಪ್ರತಿಯೊಂದು ಕಂಪ್ಯೂಟರಿನಲ್ಲೂ ಅದೇ ಹೆಸರು, ರೇಣುಕಾ. ಪರೀಕ್ಷಾ ವಿಭಾಗ, ಲೆಕ್ಕಪತ್ರ, ಪ್ರಾಚಾರ್ಯರ ಹೊರಕೋಣೆ, ಎಲ್ಲೆಲ್ಲೂ ಆಕೆಯೇ. ಸುಳ್ಳು ಬರಹ ಹೋದದ್ದು ಪರೀಕ್ಷಾ ವಿಭಾಗದ ಯಂತ್ರದಿಂದ. ಅದೇ ನಿಮಿಷ ಗ್ರಂಥಾಲಯದ ಯಂತ್ರವೂ ಕೆಲಸ ಮಾಡುತ್ತಿತ್ತು. ಯಾರೋ ಕುಳಿತು ಒಂದೊಂದೇ ಚಿತ್ರ ಒತ್ತಿ, ಸ್ವಲ್ಪ ಹೊತ್ತು ನೋಡಿ, ಮುಂದಿನದಕ್ಕೆ ಹೋದ ಸಾಲುಗಳು. ತಾಣ ಹಳೆಯದು, ಬೀಗವಿಲ್ಲದ್ದು. ಹಾಗಾಗಿ ಪುಟದ ಹೆಸರು ಪೂರ್ತಿ ಕಂಡಿತು. ನೆರೆ ರಾಜ್ಯದ ಪೊಲೀಸರು ಗುರುತು ಸಿಗದ ಶವಗಳ ಫೋಟೋ ಹಾಕುವ ಪುಟ.

ಹಿಂದಿನ ದಿನಗಳನ್ನು ನೋಡಿದೆ. ಪ್ರತಿ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅದೇ ಪುಟ. ಬೇಗ ಬರಲೆಂದು ನಾನು ಜಾಗ ಹೆಚ್ಚಿಸಿದ್ದ ಕ್ಯಾಶಿನಲ್ಲಿ, ನನ್ನ ಕುರ್ಚಿಯ ಮಗ್ಗುಲಿನ ಡಿಸ್ಕಿನಲ್ಲೇ ಆ ಮುಖಗಳೆಲ್ಲ ಇದ್ದವು. ಲಗೂನ ಬರುವ ಫೋಟೋ ಯಾವುವೆಂದು ಆಗ ತಿಳಿಯಿತು. ಪರದೆ ಆರಿಸಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಇದ್ದರೂ ಹೇಳುವಂಥದ್ದಲ್ಲ.

ಮರುದಿನ ಸಿಂದಗಿ ಬಸ್ಸು ಹತ್ತಿದೆ. ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಗ್ರಂಥಾಲಯಕ್ಕೆ ಹೋದೆ. ಆಕೆಗೆ ಸುದ್ದಿ ಆಗಲೇ ಮುಟ್ಟಿತ್ತು, ಕಣ್ಣುಗಳು ಕೆಂಪಾಗಿದ್ದವು. ನಿಮ್ಮ ಹೆಸರು ಎಲ್ಲ ಕಂಪ್ಯೂಟರುಗಳಲ್ಲಿ ಹೇಗೆ ಬಂತು ಎಂದು ಕೇಳಿದೆ.

“ನಾ ಮೊದಲನೇ ಗಾಡಿಗೆ ಬರ್ತೇನ್ರಿ ಸರ್. ಕಸಾ ಹೊಡಿಸಿ ಎಲ್ಲಾ ಕಂಪ್ಯೂಟರ್ ಚಾಲೂ ಮಾಡೂದು ನಂದ ಕೆಲಸ. ಯಾರಿಗೂ ಪಾಸ್‌ವರ್ಡ್ ನೆನಪಿರೂದಿಲ್ಲ. ಬಂದವರಿಗೆ ತ್ರಾಸ ಆಗಬಾರ್ದಂತ ಎಲ್ಲಾದ್ರಾಗೂ ನನ್ನ ಹೆಸರ ಹಾಕಿ ಇಡ್ತೇನ್ರಿ” ಎಂದರು.

ಮುಂಜಾನೆ ಅಂಗಳಕ್ಕೆ ನೀರು ಹಾಕಿದಷ್ಟು ಸಹಜವಾಗಿ ಅದನ್ನು ಹೇಳಿದರು. ಯಾರಿಗೂ ತೊಂದರೆಯಾಗಬಾರದೆಂದು ಇಡೀ ಕಚೇರಿಯ ಓಡಾಟವನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದರು. ಇಂಥ ಔದಾರ್ಯದ ತಪ್ಪು ನಮ್ಮ ಕಡೆ ಮಾತ್ರ ಸಾಧ್ಯ ಎಂದು ನನಗನ್ನಿಸಿತು.

“ಆ ಬರಹ ಹೋದ ಹೊತ್ತಿನ್ಯಾಗ ನೀವು ಈ ಖುರ್ಚಿ ಮ್ಯಾಲ ಇದ್ರಿ ಅಂತ ಲಾಗ್ ಹೇಳ್ತೈತ್ರಿ ಮೇಡಂ. ಅದನ್ನ ತೋರಿಸಿದ್ರ ನಿಮ್ಮ ನೌಕರಿ ಉಳೀತೈತಿ” ಎಂದೆ.

ಆಕೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಆಮೇಲೆ, “ನೀವು ಆ ಪುಟ ನೋಡೀರೇನ್ರಿ?” ಎಂದರು. ಹೌದೆಂದೆ.

“ನಮ್ಮ ಮನಿಯವ್ರು ಹೋಗಿ ಮೂರನೇ ವರ್ಷರಿ. ಫೋನಿಲ್ಲ, ಸುದ್ದಿಲ್ಲ. ಪುಣೆದಾಗ ಅದಾರ ಅಂತ ಎಲ್ಲಾರಿಗೂ ನಾನ ಹೇಳೇನಿ. ಅತ್ತಿ ದಿನಾ ಕೇಳ್ತಾರ, ಫೋನ್ ಬಂದಿತ್ತೇನ ಅಂತ. ಬಂದಿತ್ತು ಅಂತೇನಿ. ಮನ್ಯಾಗಿನ ಮೊಬೈಲ್ ಎಲ್ಲಾರ ಕೈಯಾಗ ಇರ್ತೈತ್ರಿ, ಅದಕ್ಕ ಇಲ್ಲೇ ನೋಡ್ತೇನಿ. ಅವ್ರ ಮಾರಿ ಅದ್ರಾಗ ಸಿಗ್ಲಿಲ್ಲಂದ್ರ ಇವತ್ತಿಗೆ ಅವ್ರು ಎಲ್ಲೋ ಬದುಕ್ಯಾರ ಅಂತ ತಿಳ್ಕೊಂಡು ಬುತ್ತಿ ಬಿಚ್ಚತೇನಿ.”

ಮೇಜಿನ ಮೇಲೆ ಬುತ್ತಿ ಹಾಗೇ ಇತ್ತು. ಆ ದಿನ ಆಕೆ ಕಂಪ್ಯೂಟರ್ ಮುಟ್ಟಿರಲಿಲ್ಲ.

“ನೌಕರಿ ಹೋದ್ರ ಹೋಗ್ಲಿ ಸರ್. ಇದನ್ನ ಮಾತ್ರ ಯಾರಿಗೂ ತೋರಿಸಬ್ಯಾಡ್ರಿ. ಅತ್ತಿ ತಡಕೊಳ್ಳೂದಿಲ್ಲ” ಎಂದರು.

ತೋರಿಸುವುದಿಲ್ಲವೆಂದು ಮಾತು ಕೊಟ್ಟೆ. ನಾಳೆಯಿಂದ ಯಾರ ಕಂಪ್ಯೂಟರಿಗೂ ನಿಮ್ಮ ಹೆಸರು ಹಾಕಬೇಡಿ, ಯಾರು ಕರೆದರೂ ಏಳಬೇಡಿ ಎಂದು ಹೇಳಿ ಬಂದೆ.

ಇಂಡಿಗೆ ಬಂದು ಕಾರ್ಯದರ್ಶಿಗಳಿಗೆ ವಿಷಯ ಹೇಳಿದೆ. ಒಂದೇ ಹೆಸರು ಎಲ್ಲ ಯಂತ್ರಗಳಲ್ಲಿದೆ, ಬರಹ ಹೋದದ್ದು ಪರೀಕ್ಷಾ ವಿಭಾಗದಿಂದ, ಆಗ ರೇಣುಕಾ ಗ್ರಂಥಾಲಯದಲ್ಲಿದ್ದರು ಎಂದೆ. “ಗ್ರಂಥಾಲಯದಾಗ ಏನ್ ನೋಡಾಕತ್ತಿದ್ಳು? ತೋರ್ಸ್ರಿ, ನಂಬ್ತೇನಿ” ಎಂದರು.

“ನಾ ನೋಡೇನ್ರಿ ಸಾಹೇಬ್ರ. ಅದರಾಗ ತಪ್ಪಿಲ್ಲ, ಸಂಸ್ಥಾಕ್ಕ ಸಂಬಂಧನೂ ಇಲ್ಲ. ಆದ್ರ ತೋರಿಸೂದಿಲ್ಲ.”

“ನೀವು ಯಾರ ನೌಕರ್ರಿ? ನಮ್ಮವರೋ, ಆಕಿ ವಕೀಲರೋ?”

“ನಿಮ್ಮ ನೌಕರನ್ರಿ. ನಾಳೆ ನಿಮ್ಮ ಓಡಾಟ ಯಾರರ ಕೇಳಿದ್ರ ಅವರಿಗೂ ಇದನ್ನ ಹೇಳ್ತೇನ್ರಿ.”

ನನ್ನ ನೌಕರಿಯೂ ಗಟ್ಟಿಯದೇನಲ್ಲ. ಅವರ ಮುಖ ಕೆಂಪೇರಿತು, ಬೈಯಲಿಲ್ಲ. ಹೇಳದೆ ಕೇಳದೆ ಒಂದು ಮುಂಜಾನೆ ಸಿಂದಗಿ ಕಚೇರಿಯಲ್ಲಿ ಹೋಗಿ ಕುಳಿತುಕೊಳ್ಳೋಣ, ನಿಮ್ಮ ಕಣ್ಣಾರೆ ನೋಡಿ, ಆಮೇಲೆ ಬೇಕಾದರೆ ಇಬ್ಬರನ್ನೂ ತೆಗೆಯಿರಿ ಎಂದೆ. ಗೊಣಗುತ್ತಲೇ ಒಪ್ಪಿದರು.

ಮರುದಿನ ಅವರ ಕಾರಿನಲ್ಲಿ ಹೋದೆವು. ಹೊರಕೋಣೆಯ ಬೆಂಚಿನ ಮೇಲೆ ಕುಳಿತೆವು. ಕಚೇರಿ ತುಂಬಿತು, ಎಲ್ಲರೂ ಸಾಹೇಬರಿಗೆ ನಮಸ್ಕಾರ ಹೇಳಿ ಲಗುಬಗೆಯಿಂದ ಕಂಪ್ಯೂಟರ್ ಮುಂದೆ ಕುಳಿತರು. ಆಮೇಲೆ ಒಬ್ಬೊಬ್ಬರ ಕೈಯೂ ನಿಂತಿತು. ಪರದೆಯ ಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಚೌಕಟ್ಟು. ಯಾರಿಗೂ ಏನು ಬರೆಯಬೇಕೋ ಗೊತ್ತಿಲ್ಲ. ಒಬ್ಬರು ತಮ್ಮ ಹುಟ್ಟಿದ ದಿನ ಹಾಕಿ ನೋಡಿದರು, ಇನ್ನೊಬ್ಬರು ಗಾಡಿಯ ನಂಬರು ಹಾಕಿ ನೋಡಿದರು. ಕೊನೆಗೆ ಲೆಕ್ಕಪತ್ರ ವಿಭಾಗದಿಂದ ಕೂಗು ಬಂತು: “ರೇಣುಕಾ ಮೇಡಂ, ಇವತ್ತ ನಿಮ್ಮ ಹೆಸರ ಹಾಕಿಲ್ಲಲ್ರಿ?” ಪರೀಕ್ಷಾ ವಿಭಾಗದಿಂದ ಮತ್ತೊಂದು: “ಇಲ್ಲೂ ಹಾಕ್ಬರ್ರಿ ಮೇಡಂ, ಕೆಲಸ ನಿಂತಾವ!” ಪ್ರಾಚಾರ್ಯರೇ ಬಾಗಿಲಿನಿಂದ ತಲೆ ಹೊರಹಾಕಿ, “ರೇಣುಕಾ ಎಲ್ಲಿ ಅದಾಳ? ನನ್ನ ಕಂಪ್ಯೂಟರ್ ಬಂದ್ ಬಿದ್ದೈತಿ” ಎಂದರು. ಬೆಂಚಿನ ಮೇಲಿದ್ದ ಕಾರ್ಯದರ್ಶಿಗಳನ್ನು ಕಂಡು ಅಲ್ಲೇ ನಿಂತುಬಿಟ್ಟರು.

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, “ಸಾಕ್ರಿ, ತಿಳೀತು” ಎಂದಷ್ಟೇ ಹೇಳಿದರು. ಗ್ರಂಥಾಲಯದಲ್ಲಿ ಏನು ನೋಡುತ್ತಿದ್ದರೆಂದು ಅವರು ಮತ್ತೆಂದೂ ಕೇಳಲಿಲ್ಲ. ಆ ದೊಡ್ಡತನಕ್ಕೆ ಇಂದಿಗೂ ಅವರನ್ನು ನೆನೆಯುತ್ತೇನೆ. ರೇಣುಕಾ ಅವರ ನೌಕರಿ ಉಳಿಯಿತು. ಪರೀಕ್ಷಾ ವಿಭಾಗದ ಯಂತ್ರದ ಮುಂದೆ ಆ ದಿನ ಯಾರು ಕುಳಿತಿದ್ದರೋ ಗೊತ್ತಾಗಲೇ ಇಲ್ಲ. ಎಲ್ಲರೂ ಒಂದೇ ಹೆಸರಿನ ಹಿಂದೆ ನಿಂತಾಗ ಕಳ್ಳನಿಗೂ ನೆರಳು ಸಿಗುತ್ತದೆ. ಅದರ ನಂತರ ನಾಲ್ಕೂ ಊರುಗಳಿಗೆ ತಿರುಗಿ, ಒಬ್ಬೊಬ್ಬರ ಪಕ್ಕ ಕುಳಿತು ಅವರದೇ ಪಾಸ್‌ವರ್ಡ್ ಹಾಕಿಸಿದೆ. ಮುದ್ದೇಬಿಹಾಳದಲ್ಲೂ ಬಸವನ ಬಾಗೇವಾಡಿಯಲ್ಲೂ ಇಂಥ ಒಬ್ಬೊಬ್ಬರು ರೇಣುಕಾ ಇದ್ದರು.

ಇನ್ನೊಂದು ಕೆಲಸ ಉಳಿದಿತ್ತು. ಆಸ್ಪತ್ರೆ, ಪೊಲೀಸ್, ನ್ಯಾಯಾಲಯಗಳ ತಾಣಗಳಿಗೆ ಸಿಬ್ಬಂದಿ ಹೋದದ್ದನ್ನು ಲಾಗ್‌ನಲ್ಲಿ ಬರೆಯಬಾರದೆಂದು ಒಂದು ನಿಯಮ ಮಾಡೋಣವೆಂದು ಕಾರ್ಯದರ್ಶಿಗಳನ್ನು ಕೇಳಿದೆ. ಕಾರಣ ಕೇಳದೆ ಸಹಿ ಹಾಕಿದರು. ಅಂದೇ ಹಳೆಯ ಸಾಲುಗಳನ್ನು ಅಳಿಸಿದೆ. ಕ್ಯಾಶನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ತೆಗೆದರೆ ಸಿಂದಗಿಯ ಆ ನಿಧಾನದ ಲೈನಿನಲ್ಲಿ ಒಂದೊಂದು ಮುಖ ತೆರೆಯುವವರೆಗೂ ಆಕೆ ಉಸಿರು ಹಿಡಿದು ಕಾಯಬೇಕಾಗುತ್ತಿತ್ತು.

ಅಂದಿನಿಂದ ಆಕೆ ಆ ಪುಟ ತೆರೆಯುತ್ತಾರೋ ಇಲ್ಲವೋ ನನಗೆ ತಿಳಿಯದಾಯಿತು. ಆಕೆಯೂ ನನ್ನಿಂದ ದೂರವಾದರು. ನಾನು ಸಿಂದಗಿಗೆ ಹೋದರೆ ಚಹಾ ಬರುತ್ತಿತ್ತು, ಬೇರೆಯವರ ಕೈಯಲ್ಲಿ. ಎದುರು ಕುಳಿತು ಮಾತನಾಡುತ್ತಿದ್ದ ಒಬ್ಬರೂ ಇಲ್ಲದಾದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಗುಟ್ಟು ಗೊತ್ತಿರುವವನ ಮುಖ ನೋಡುವುದು ಯಾರಿಗೂ ಸುಲಭವಲ್ಲ. ನಡುವೆ ನಿಲ್ಲುವವನಿಗೆ ಎಲ್ಲವೂ ಕಾಣುತ್ತದೆ, ಕಂಡದ್ದನ್ನು ಕಾಣದವನಂತೆ ಇರುವುದಕ್ಕೇ ಅವನಿಗೆ ಸಂಬಳ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿಯಲು ಬಹಳ ಒಂಟಿಯಾಗಿ ಇರಬೇಕಾಯಿತು.

ಇಂಡಿ ಬಿಡುವ ಮುಂಚೆ ಕೊನೆಯ ಸಲ ಸಿಂದಗಿಗೆ ಹೋಗಿದ್ದೆ. ಕೆಲಸ ಮುಗಿಸಿ ಗ್ರಂಥಾಲಯದ ಮುಂದಿನಿಂದ ಹೊರಟಾಗ ರೇಣುಕಾ ಬಾಗಿಲಿಗೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ, ಹೊಸ್ತಿಲನ್ನು ನೋಡುತ್ತ ಹೇಳಿದರು:

“ಫೋಟೋ ಇನ್ನೂ ಲಗೂನ ಬರ್ತಾವ್ರಿ ಸರ್.”